ಫ್ಯಾಮಿಲಿ ಕ್ರೂಸ್‌ನಲ್ಲಿ ಹದಿನೆಂಟು ದಾಟಿದವರು ಗೆಳೆಯರನ್ನು ಕಂಡುಕೊಳ್ಳುವುದು ಹೇಗೆ?

ಫ್ಯಾಮಿಲಿ ಕ್ರೂಸ್‌ನಲ್ಲಿ ಪುಟ್ಟ ಮಕ್ಕಳಿಗೆ ದಿನವಿಡೀ ಆಟ, ಅಪ್ಪ ಅಮ್ಮನಿಗೆ ವಿಶ್ರಾಂತಿ. ನಡುವೆ ಸಿಕ್ಕಿಕೊಳ್ಳುವವರು 18ರಿಂದ 24 ವರ್ಷದೊಳಗಿನವರು. ಹದಿನೆಂಟು ತುಂಬುವವರೆಗೆ ಹಡಗಿನಲ್ಲಿ ಅವರಿಗೆಂದೇ ಒಂದು ಜಾಗ ಇರುತ್ತದೆ. ಕಾರ್ನಿವಲ್ ಎಂಬ ಕ್ರೂಸ್ ಕಂಪನಿಯ ಹಡಗುಗಳಲ್ಲಿ 12ರಿಂದ 14ರವರಿಗೆ 'ಸರ್ಕಲ್ ಸಿ', 15ರಿಂದ 17ರವರಿಗೆ 'ಕ್ಲಬ್ ಓಟು'. ನಾರ್ವೀಜಿಯನ್ ಕಂಪನಿಯಲ್ಲಿ 13ರಿಂದ 17ರವರಿಗೆ 'ಆಂಟುರಾಜ್'. ಎಂಎಸ್‌ಸಿಯಲ್ಲೂ 12ರಿಂದ 14, 15ರಿಂದ 17 ಎಂದು ಎರಡು ಗುಂಪು. ಹದಿನೆಂಟಾದವರಿಗೆ ಈ ಕ್ಲಬ್ಬುಗಳ ಬಾಗಿಲು ಮುಚ್ಚುತ್ತದೆ. ಅಮೆರಿಕದ ಬಂದರಿನಿಂದ ಹೊರಡುವ ಹಡಗಾದರೆ ಬಾರ್‌ನ ಬಾಗಿಲು ತೆರೆಯುವುದು 21ಕ್ಕೆ. ನಡುವಿನ ಮೂರು ವರ್ಷದವರು ಎಲ್ಲಿಗೂ ಸೇರದವರಾಗಿ, ಸಂಜೆಯಾದರೆ ಕ್ಯಾಬಿನ್‌ನಲ್ಲಿ ಮೊಬೈಲ್ ಹಿಡಿದು ಕೂರುತ್ತಾರೆ. ಡಿಸ್ನಿ ಕಂಪನಿ ಇದನ್ನು ಗಮನಿಸಿ 18ರಿಂದ 20ರವರಿಗೆಂದೇ '1820 ಸೊಸೈಟಿ' ಎಂಬ ಕೂಟಗಳನ್ನು ನಡೆಸುತ್ತದೆ. ಉಳಿದ ಕಡೆ ದಾರಿಯನ್ನು ಹೆಚ್ಚಾಗಿ ನೀವೇ ಹುಡುಕಿಕೊಳ್ಳಬೇಕು.

ದಾರಿ ಖಂಡಿತ ಇದೆ. ಹಡಗಿನ ಗೆಳೆತನ ಕೂಡಿಬರುವುದು ಮೊದಲ ಎರಡು ಸಂಜೆಗಳಲ್ಲಿ. ಅದು ಗಟ್ಟಿಯಾಗುವುದು ಅದೇ ಮುಖಗಳನ್ನು ಅದೇ ಹೊತ್ತಿಗೆ ಮತ್ತೆ ಮತ್ತೆ ಕಂಡಾಗ. ಮುಂದೆ ಹೇಳಿರುವ ಹೆಜ್ಜೆಗಳೆಲ್ಲ ಆ ಎರಡು ಸಂಜೆಗಳನ್ನು ಕೈಬಿಡದಂತೆ ನೋಡಿಕೊಳ್ಳುವುದಕ್ಕೆ ಮತ್ತು ಆ ಮರುಭೇಟಿಗಳಿಗೆ ಅವಕಾಶ ಮಾಡಿಕೊಳ್ಳುವುದಕ್ಕೆ.

ಹೆಜ್ಜೆ 1: ಬುಕ್ ಮಾಡುವಾಗಲೇ ದಿನಾಂಕ, ಬಂದರು ನೋಡಿ

ಹಡಗಿನಲ್ಲಿ ನಿಮ್ಮ ವಯಸ್ಸಿನವರು ಎಷ್ಟಿರುತ್ತಾರೆ ಎಂಬುದನ್ನು ಹಡಗಿಗಿಂತ ಹೆಚ್ಚಾಗಿ ದಿನಾಂಕವೇ ತೀರ್ಮಾನಿಸುತ್ತದೆ. ಕಾಲೇಜುಗಳಿಗೆ ರಜೆ ಇರುವ ವಾರಗಳನ್ನು ಹಿಡಿಯಿರಿ. ಜೂನ್‌ನಿಂದ ಆಗಸ್ಟ್ ಮಧ್ಯದವರೆಗೆ, ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಅಮೆರಿಕದಿಂದ ಹೊರಡುವುದಾದರೆ ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್ ವಾರಗಳಲ್ಲಿ ಹಡಗಿನ ತುಂಬ ಯುವಕ ಯುವತಿಯರು. ಸೆಪ್ಟೆಂಬರ್ ಬಂತೆಂದರೆ ಟಿಕೆಟ್ ದರ ಇಳಿಯುತ್ತದೆ, ನಿಮ್ಮ ವಯಸ್ಸಿನವರ ಸಂಖ್ಯೆಯೂ ಇಳಿಯುತ್ತದೆ. ದರ ನೋಡಿ ದಿನಾಂಕ ಆರಿಸುವ ಮನೆಯವರಿಗೆ ಈ ಮಾತನ್ನು ಮೊದಲೇ ಹೇಳಿ. ಬುಕ್ ಆದಮೇಲೆ ಹೇಳಿ ಪ್ರಯೋಜನವಿಲ್ಲ.

ಯಾನದ ಉದ್ದವೂ ಮುಖ್ಯ. ಮೂರು ನಾಲ್ಕು ರಾತ್ರಿಯ ವಾರಾಂತ್ಯದ ಯಾನಗಳಲ್ಲಿ ಯುವಕರೇನೋ ಹೆಚ್ಚು, ಆದರೆ ಪರಿಚಯ ಬೆಳೆಯುವಷ್ಟರಲ್ಲಿ ಇಳಿಯುವ ದಿನ ಬಂದಿರುತ್ತದೆ. ಎರಡು ವಾರದ ಯಾನಗಳಲ್ಲಿ, ಅಟ್ಲಾಂಟಿಕ್ ದಾಟುವ ಯಾನಗಳಲ್ಲಿ ನಿವೃತ್ತರೇ ಬಹಳ. ನನ್ನ ಆಯ್ಕೆ ಏಳು ರಾತ್ರಿಯದು, ಅದರಲ್ಲೂ ಹಡಗು ಎಲ್ಲೂ ನಿಲ್ಲದೆ ಇಡೀ ದಿನ ಕಡಲಲ್ಲೇ ಇರುವ 'ಸೀ ಡೇ' ಕನಿಷ್ಠ ಎರಡಿರುವಂಥದ್ದು. ಹಡಗಿನ ಆಟ, ಸ್ಪರ್ಧೆ, ಕೂಟಗಳಲ್ಲಿ ಹೆಚ್ಚಿನವು ನಡೆಯುವುದು ಸೀ ಡೇಗಳಲ್ಲೇ. ಮೊದಲ ಸೀ ಡೇ ಯಾನದ ಎರಡನೆಯ ದಿನವೇ ಬಂದರೆ ಇನ್ನೂ ಒಳ್ಳೆಯದು.

ಹೊರಡುವ ಬಂದರಿನ ಪ್ರಕಾರ ವಯಸ್ಸಿನ ನಿಯಮ ಬದಲಾಗುತ್ತದೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಉತ್ತರ ಅಮೆರಿಕದಿಂದ ಹೊರಟರೆ ಮದ್ಯಕ್ಕೆ 21 ವರ್ಷ, ಯುರೋಪ್, ಏಷ್ಯಾ, ಆಸ್ಟ್ರೇಲಿಯಾಗಳಿಂದ ಹೊರಟರೆ 18. ನಾರ್ವೀಜಿಯನ್‌ನಲ್ಲಿ 21 ಎಂಬ ನಿಯಮವಿರುವ ಹಲವು ಯಾನಗಳಲ್ಲೂ, ಜೊತೆಗಿರುವ ತಂದೆ ಅಥವಾ ತಾಯಿ ಬರೆದು ಒಪ್ಪಿಗೆ ಕೊಟ್ಟರೆ 18ರಿಂದ 20ರವರಿಗೆ ಬಿಯರ್ ಮತ್ತು ವೈನ್ ಮಾತ್ರ ಕೊಡುವ ರೂಢಿಯಿದೆ, ಅದೂ ಹಡಗು ಅಂತರರಾಷ್ಟ್ರೀಯ ಜಲದಲ್ಲಿರುವಾಗ. ಕುಡಿಯುವುದು ಬಿಡುವುದು ನಿಮ್ಮಿಷ್ಟ. ಇದನ್ನು ಇಲ್ಲಿ ಹೇಳಲು ಕಾರಣ ಬೇರೆ. 18ಕ್ಕೇ ಬಾರ್ ತೆರೆದಿರುವ ಹಡಗಿನಲ್ಲಿ ಯುವಕರು ಸಂಜೆ ಬಾರ್‌ಗಳ ಸುತ್ತ ಸೇರುತ್ತಾರೆ. 21ರ ನಿಯಮವಿರುವ ಹಡಗಿನಲ್ಲಿ ಹದಿನೆಂಟರಿಂದ ಇಪ್ಪತ್ತರವರು ಸೇರುವುದು ಸ್ಪೋರ್ಟ್ಸ್ ಕೋರ್ಟ್, ಡ್ಯಾನ್ಸ್ ಫ್ಲೋರ್, ತಡರಾತ್ರಿಯ ಪಿಜ್ಜಾ ಕೌಂಟರ್ ಕಡೆ. ಎಲ್ಲಿ ಹುಡುಕಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಹಡಗಿನ ಗಾತ್ರ. 2024ರಲ್ಲಿ ಯಾನ ಆರಂಭಿಸಿದ 'ಐಕಾನ್ ಆಫ್ ದಿ ಸೀಸ್' ತುಂಬಿದರೆ 7,600 ಪ್ರಯಾಣಿಕರು, 20 ಡೆಕ್‌ಗಳು. ಅಷ್ಟು ದೊಡ್ಡ ಹಡಗಿನಲ್ಲಿ ನಿಮ್ಮ ವಯಸ್ಸಿನವರು ನೂರಾರು ಜನ ಇರುತ್ತಾರೆ, ಆದರೆ ಒಮ್ಮೆ ಮಾತಾಡಿದವರನ್ನು ಆಕಸ್ಮಿಕವಾಗಿ ಮತ್ತೆ ಕಾಣುವ ಸಂಭವ ಕಡಿಮೆ. ಹೊತ್ತು, ಜಾಗ ಗೊತ್ತುಮಾಡಿಕೊಳ್ಳದೆ ಬೀಳ್ಕೊಂಡರೆ ಕಳೆದುಕೊಂಡಂತೆಯೇ. ಎರಡು ಸಾವಿರ ಜನರ ಹಡಗಿನಲ್ಲಿ ನಿಮ್ಮ ವಯಸ್ಸಿನವರು ಕೆಲವೇ ಮಂದಿ, ಆದರೆ ದಿನಕ್ಕೆ ಮೂರು ಸಲ ಎದುರಾಗುತ್ತಾರೆ. ಸಂಕೋಚದ ಸ್ವಭಾವದವರಿಗೆ ನಾನು ಮಧ್ಯಮ ಗಾತ್ರದ ಹಡಗನ್ನೇ ಹೇಳುತ್ತೇನೆ.

ಹೆಜ್ಜೆ 2: ಹೊರಡುವ ಮೊದಲು ಮನೆಯವರ ಜೊತೆ ಕೂತು ಮಾತಾಡಿ

ಈ ಮಾತುಕತೆಯನ್ನು ಹಡಗು ಹತ್ತಿದ ಮೇಲೆ ಮಾಡಲು ಹೋದರೆ ಜಗಳವಾಗುತ್ತದೆ. ಮನೆಯಲ್ಲೇ ಮುಗಿಸಿಕೊಳ್ಳಿ.

ಮೊದಲನೆಯದು ರಾತ್ರಿ ಊಟದ ಹೊತ್ತು. ಮುಖ್ಯ ಭೋಜನ ಶಾಲೆಯಲ್ಲಿ ಸಾಮಾನ್ಯವಾಗಿ ಎರಡು ಸರದಿ: ಒಂದು ಸಂಜೆ ಐದೂವರೆ ಆರರ ಸುಮಾರಿಗೆ, ಇನ್ನೊಂದು ಎಂಟು ಎಂಟೂವರೆಗೆ. ಎರಡನೆಯದನ್ನು ಆರಿಸಿಕೊಂಡರೆ ಊಟ ಮುಗಿಯುವಾಗ ಹತ್ತು. ಯುವಕರ ಕೂಟ, ಟ್ರಿವಿಯಾ ಎಂಬ ರಸಪ್ರಶ್ನೆ, ಗೇಮ್ ಶೋ, ಕರೋಕೆಗಳಲ್ಲಿ ಬಹುಪಾಲು ನಡೆಯುವುದು ಎಂಟರಿಂದ ಹನ್ನೊಂದರ ನಡುವೆ. ಆದ್ದರಿಂದ ಮೊದಲ ಸರದಿಯ ಊಟ ಕೇಳಿ. ಅಪ್ಪ ಅಮ್ಮನಿಗೆ ನಿಮ್ಮೊಡನೆ ಕೂತು ಉಣ್ಣುವ ಸಂತೋಷವೂ ಉಳಿಯುತ್ತದೆ, ಎಂಟರ ನಂತರದ ಹೊತ್ತು ನಿಮ್ಮದೂ ಆಗುತ್ತದೆ. ಇಡೀ ಕುಟುಂಬದ ಕಾರ್ಯಕ್ರಮಪಟ್ಟಿಯಲ್ಲಿ ನೀವು ಒಂದೇ ಒಂದು ಬದಲಾವಣೆ ಕೇಳುವುದಾದರೆ ಇದನ್ನೇ ಕೇಳಿ.

ಎರಡನೆಯದು ಹಣ. ಹಡಗಿನಲ್ಲಿ ನಗದು ನಡೆಯುವುದಿಲ್ಲ, ಕ್ಯಾಬಿನ್ ಬಾಗಿಲು ತೆರೆಯುವ ಕಾರ್ಡ್‌ನಲ್ಲೇ ಖರ್ಚು ದಾಖಲಾಗಿ ಕೊನೆಗೆ ಒಂದೇ ಬಿಲ್ ಬರುತ್ತದೆ. ನಿಮ್ಮ ಕಾರ್ಡ್‌ಗೆ ದಿನದ ಮಿತಿ ಹಾಕುವಂತೆ ಗೆಸ್ಟ್ ಸರ್ವಿಸಸ್‌ನಲ್ಲಿ ಹೇಳಬಹುದು. ಮಿತಿ ಎಷ್ಟು ಎಂದು ಮೊದಲೇ ಒಪ್ಪಿಕೊಂಡರೆ ಪ್ರತಿ ತಂಪು ಪಾನೀಯಕ್ಕೂ ಲೆಕ್ಕ ಒಪ್ಪಿಸಬೇಕಿಲ್ಲ. ಹೊಸಬರ ಜೊತೆ ಕೂತಾಗ ಕೈಯಲ್ಲೊಂದು ಲೋಟ ಇದ್ದರೆ ಮಾತು ಸಲೀಸು, ಹಾಗಾಗಿ ಒಮ್ಮೆ ಹಣ ಕೊಟ್ಟು ಯಾನದುದ್ದಕ್ಕೂ ತಂಪು ಪಾನೀಯ ಪಡೆಯುವ ಸೋಡಾ ಪ್ಯಾಕೇಜ್ ದಂಡದ ಖರ್ಚಲ್ಲ.

ಮೂರನೆಯದು ರಾತ್ರಿ ಮರಳುವ ಹೊತ್ತು. ಹಲವು ಕಂಪನಿಗಳಲ್ಲಿ 18ರ ಒಳಗಿನವರು ರಾತ್ರಿ ಒಂದು ಗಂಟೆಯ ನಂತರ ದೊಡ್ಡವರಿಲ್ಲದೆ ಹೊರಗೆ ಓಡಾಡುವಂತಿಲ್ಲ. ನಿಮಗೆ ಆ ನಿಯಮ ಅನ್ವಯಿಸುವುದಿಲ್ಲ, ಆದರೆ ಹದಿನಾರರ ತಂಗಿ ಜೊತೆಗಿದ್ದರೆ ಅನ್ವಯಿಸುತ್ತದೆ. ಅವಳನ್ನು ಕರೆದುಕೊಂಡು ಹೋದ ದಿನ ವಾಪಸು ತರುವ ಹೊಣೆ ಯಾರದು ಎಂದು ತೀರ್ಮಾನಿಸಿಕೊಳ್ಳಿ. ಒಂದೇ ಕ್ಯಾಬಿನ್‌ನಲ್ಲಿ ನಾಲ್ಕು ಜನ ಮಲಗುವುದಾದರೆ ತಡರಾತ್ರಿ ಬಾಗಿಲು ತೆರೆಯುವ ಸದ್ದಿಗೆ ಎಲ್ಲರೂ ಎಚ್ಚರವಾಗುತ್ತಾರೆ. ಸಾಧ್ಯವಿದ್ದರೆ ಒಡಹುಟ್ಟಿದವರಿಗೆ ಪಕ್ಕದ ಅಥವಾ ಒಳಬಾಗಿಲಿರುವ ಕ್ಯಾಬಿನ್ ತೆಗೆದುಕೊಳ್ಳಿ. ಪ್ರತಿ ಕ್ಯಾಬಿನ್ನಿಗೂ ಇಂತಿಷ್ಟು ವಯಸ್ಸಿನ ಒಬ್ಬರು ಇರಬೇಕೆಂಬ ನಿಯಮ ಕೆಲವೆಡೆ ಇದೆ, ಪಕ್ಕದಲ್ಲೇ ಪೋಷಕರಿದ್ದರೆ ಅದನ್ನು ಸಡಿಲಿಸುವುದೂ ಉಂಟು. ಬುಕಿಂಗ್ ಏಜೆಂಟರನ್ನು ಕೇಳಿ.

ಹಡಗಿನ ಆ್ಯಪ್ ಅನ್ನು ಮನೆಯ ವೈಫೈನಲ್ಲೇ ಇಳಿಸಿ, ಲಾಗಿನ್ ಮಾಡಿ ನೋಡಿ. ಹೆಚ್ಚಿನ ಆ್ಯಪ್‌ಗಳಲ್ಲಿ ಪ್ರಯಾಣಿಕರ ನಡುವೆ ಚಾಟ್ ಮಾಡುವ ಸೌಲಭ್ಯ ಇದೆ. ಡಿಸ್ನಿಯಲ್ಲಿ ಅದು ಉಚಿತ, ಕೆಲವು ಕಂಪನಿಗಳಲ್ಲಿ ಸಣ್ಣ ಶುಲ್ಕ. ಇಂಟರ್ನೆಟ್ ಪ್ಯಾಕೇಜ್ ಇಲ್ಲದೆಯೂ ಹಡಗಿನ ವೈಫೈ ಮೇಲೆ ಇದು ನಡೆಯುತ್ತದೆ. ಗೆಳೆಯರ ಗುಂಪು ಕಟ್ಟಲು ಇದಕ್ಕಿಂತ ಉಪಯೋಗದ ವಸ್ತು ಹಡಗಿನಲ್ಲಿ ಇನ್ನೊಂದಿಲ್ಲ. ಹಡಗು ಹೊರಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ತೆರೆಯಿರಿ. ಹಡಗಿನ ಮೊಬೈಲ್ ಜಾಲಕ್ಕೆ ಫೋನ್ ತಾನಾಗಿ ಅಂಟಿಕೊಂಡರೆ ರೋಮಿಂಗ್ ಬಿಲ್ ಕಣ್ಣಲ್ಲಿ ನೀರು ತರಿಸುತ್ತದೆ.

ಹೆಜ್ಜೆ 3: ಮೊದಲ ದಿನ

ಹಡಗು ಹತ್ತಿದ ದಿನ ಎಲ್ಲರಿಗೂ ದಣಿವು. ಬೆಳಗ್ಗೆಯಿಂದ ವಿಮಾನ, ಸಾಲು, ಲಗೇಜು. ಊಟ ಮಾಡಿ ಮಲಗಿಬಿಡೋಣ ಅನ್ನಿಸುತ್ತದೆ. ಈ ಒಂದು ಸಂಜೆ ಮಾತ್ರ ಮಲಗಬೇಡಿ.

ಕಾರಣ ಸರಳ. ಮೊದಲ ಸಂಜೆ ಯಾರಿಗೂ ಯಾರೂ ಪರಿಚಯವಿಲ್ಲ, ಎಲ್ಲರೂ ಜನ ಹುಡುಕುತ್ತಿರುತ್ತಾರೆ. ಮೂರನೆಯ ದಿನದ ಹೊತ್ತಿಗೆ ಗುಂಪುಗಳು ಕೂಡಿಕೊಂಡಿರುತ್ತವೆ, ಒಳಗೊಳಗೇ ಹಾಸ್ಯ, ಅಡ್ಡಹೆಸರು ಹುಟ್ಟಿರುತ್ತವೆ. ಆಗಲೂ ಸೇರಿಕೊಳ್ಳಬಹುದು, ಆದರೆ ಹೊರಗಿನವರಾಗಿ ಒಳಗೆ ಹೋಗಬೇಕು.

ಮಧ್ಯಾಹ್ನವೇ ಸುರಕ್ಷತಾ ಕವಾಯತು ಮುಗಿಸಿಕೊಳ್ಳಿ. 2012ರ ಕೋಸ್ಟಾ ಕಾಂಕಾರ್ಡಿಯಾ ಹಡಗಿನ ದುರಂತದ ನಂತರ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಈ ಕವಾಯತು ನಡೆಯಲೇಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ಈಗ ಹಲವು ಹಡಗುಗಳಲ್ಲಿ ಫೋನಿನಲ್ಲಿ ವಿಡಿಯೋ ನೋಡಿ, ತುರ್ತಿನಲ್ಲಿ ನೀವು ಸೇರಬೇಕಾದ ಜಾಗಕ್ಕೆ, ಅಂದರೆ ನಿಮ್ಮ ಮಸ್ಟರ್ ಸ್ಟೇಷನ್‌ಗೆ ಹೋಗಿ ಕಾರ್ಡ್ ತೋರಿಸಿದರೆ ಆಯಿತು. ಬಾಕಿ ಉಳಿದ ಹೊತ್ತಿನಲ್ಲಿ ಮನೆಯವರ ಜೊತೆಗಲ್ಲದೆ ಒಬ್ಬರೇ ಹಡಗು ಸುತ್ತಿ. ಸ್ಪೋರ್ಟ್ಸ್ ಕೋರ್ಟ್ ಯಾವ ಡೆಕ್, ಕರೋಕೆ ನಡೆಯುವ ಲೌಂಜ್ ಎಲ್ಲಿ, ರಾತ್ರಿ ಹನ್ನೆರಡರ ನಂತರ ಊಟ ಸಿಗುವ ಕೌಂಟರ್ ಯಾವುದು, ಈ ಮೂರನ್ನು ಕಾಲಿಗೆ ಅಭ್ಯಾಸ ಮಾಡಿಸಿ.

ನಂತರ ದಿನದ ಕಾರ್ಯಕ್ರಮಪಟ್ಟಿ ತೆರೆಯಿರಿ. ರಾಯಲ್ ಕೆರಿಬಿಯನ್‌ನಲ್ಲಿ ಅದರ ಹೆಸರು 'ಕ್ರೂಸ್ ಕಂಪಾಸ್', ಕಾರ್ನಿವಲ್‌ನಲ್ಲಿ 'ಫನ್ ಟೈಮ್ಸ್', ನಾರ್ವೀಜಿಯನ್‌ನಲ್ಲಿ 'ಫ್ರೀಸ್ಟೈಲ್ ಡೈಲಿ'. ರಾತ್ರಿ ಒಂಬತ್ತರಿಂದ ಹನ್ನೊಂದರ ಸಾಲುಗಳಲ್ಲಿ '18ರಿಂದ 20ರವರ ಭೇಟಿ', 'ಯಂಗ್ ಅಡಲ್ಟ್ಸ್ ಮೀಟಪ್' ಎಂಬಂಥ ಒಂದು ಸಾಲು ಇದೆಯೇ ನೋಡಿ. ಇದು ಪಟ್ಟಿಯಲ್ಲಿ ಎದ್ದು ಕಾಣುವುದಿಲ್ಲ. ಬಿಂಗೊ ಮತ್ತು ಸ್ಪಾ ಜಾಹೀರಾತಿನ ನಡುವೆ ಒಂದೇ ಸಾಲಿನಲ್ಲಿ ಅಡಗಿರುತ್ತದೆ.

ಈ ಭೇಟಿ ಹೇಗಿರುತ್ತದೆ ಎಂದು ತಿಳಿದಿದ್ದರೆ ಅರ್ಧ ಅಳುಕು ಹೋಗುತ್ತದೆ. ಹತ್ತು ಗಂಟೆಗೆ ಲೌಂಜ್‌ನ ಒಂದು ಮೂಲೆ ಎಂದು ಬರೆದಿರುತ್ತದೆ. ನೀವು ಹೋಗುವಾಗ ಅಲ್ಲಿ ಫಲಕವಿಲ್ಲ, ಸಿಬ್ಬಂದಿಯೂ ಇಲ್ಲದಿರಬಹುದು. ಒಂದು ಕಂಬಕ್ಕೆ ಒರಗಿ ಒಬ್ಬ ಹುಡುಗ ಫೋನ್ ನೋಡುತ್ತಿದ್ದಾನೆ. ಸೋಫಾದ ತುದಿಯಲ್ಲಿ ಇಬ್ಬರು ಅಕ್ಕತಂಗಿಯರು, ಯಾವಾಗ ಬೇಕಾದರೂ ಎದ್ದು ಹೋಗುವವರಂತೆ ಕೂತಿದ್ದಾರೆ. ಇನ್ನೊಬ್ಬಳು ಬಾಗಿಲವರೆಗೆ ಬಂದು, ಇಣುಕಿ, ಯಾರೂ ಇಲ್ಲ ಅಂದುಕೊಂಡು ತಿರುಗಿ ನಡೆಯುತ್ತಾಳೆ. ಇವರೆಲ್ಲರೂ ಬಂದಿರುವುದು ಅದೇ ಭೇಟಿಗೆ. ಯಾರೂ ಬಾಯಿ ಬಿಡದಿದ್ದರೆ ಹತ್ತೂಕಾಲಕ್ಕೆ ನಾಲ್ವರೂ ನಾಲ್ಕು ದಿಕ್ಕಿಗೆ ಹೋಗುತ್ತಾರೆ. ಮರುದಿನ 'ಯಾರೂ ಬರಲೇ ಇಲ್ಲ' ಎಂದು ಅಮ್ಮನ ಹತ್ತಿರ ಹೇಳುತ್ತಾರೆ.

ಆ ಬಾಯಿ ಬಿಡುವವರು ನೀವಾಗಿ. 'ಮೀಟಪ್‌ಗೆ ಬಂದಿದ್ದೀರಾ?' ಎಂದು ಕೇಳಿದರೆ ಸಾಕು. ಹೌದು ಅಂದರೆ ಮುಂದಿನ ಪ್ರಶ್ನೆ 'ಯಾರ ಜೊತೆ ಬಂದಿದ್ದೀರಿ?' ಅಪ್ಪ ಅಮ್ಮ, ಅಜ್ಜಿ, ಚಿಕ್ಕಪ್ಪನ ಮಕ್ಕಳು, ಎಲ್ಲರಿಗೂ ಹೇಳಲು ಒಂದು ಕಥೆ ಇರುತ್ತದೆ, ಯಾವ ಕಾಲೇಜು ಎಂಬ ಪ್ರಶ್ನೆಗಿಂತ ಇದಕ್ಕೆ ಉತ್ತರ ಉದ್ದ. ಹದಿನೈದು ನಿಮಿಷ ಕಾಯಿರಿ, ತಡವಾಗಿ ಬರುವವರೇ ಹೆಚ್ಚು. ಬಾಗಿಲ ಕಡೆ ಮುಖ ಮಾಡಿ ಕೂತು, ಇಣುಕಿದವರನ್ನು ಕೈಬೀಸಿ ಕರೆಯಿರಿ. ನಾಲ್ಕು ಜನ ಸೇರಿದ ಮೇಲೆ ಅಲ್ಲೇ ಕೂರಬೇಡಿ. ಸುಮ್ಮನೆ ಕೂತ ಹೊಸಬರ ನಡುವೆ ಮಾತು ಬೇಗ ಬತ್ತುತ್ತದೆ. ಪಕ್ಕದಲ್ಲೇ ನಡೆಯುತ್ತಿರುವ ಟ್ರಿವಿಯಾಕ್ಕೋ, ಮೇಲಿನ ಡೆಕ್‌ನ ಪಿಂಗ್‌ಪಾಂಗ್ ಮೇಜಿಗೋ, ಏನೂ ಇಲ್ಲದಿದ್ದರೆ ಪಿಜ್ಜಾಕ್ಕೋ ಎದ್ದು ಹೋಗಿ. ಬೀಳ್ಕೊಡುವ ಮೊದಲು ಎರಡು ಕೆಲಸ ಮಾಡಿ: ಆ್ಯಪ್ ಚಾಟ್‌ನಲ್ಲಿ ಗುಂಪು ರಚಿಸಿ, ನಾಳೆ ಎಷ್ಟು ಹೊತ್ತಿಗೆ ಎಲ್ಲಿ ಎಂದು ಒಂದೇ ಒಂದು ಜಾಗ ಗೊತ್ತುಮಾಡಿ.

ಪಟ್ಟಿಯಲ್ಲಿ ಇಂಥ ಭೇಟಿಯೇ ಇಲ್ಲದಿದ್ದರೆ ಕ್ರೂಸ್ ಡೈರೆಕ್ಟರ್‌ನ ತಂಡದವರನ್ನು ಹಿಡಿಯಿರಿ. ಟ್ರಿವಿಯಾ ನಡೆಸುವವರು, ಪೂಲ್ ಪಕ್ಕ ಮೈಕ್ ಹಿಡಿದವರು ಅವರೇ. 'ನಮ್ಮ ವಯಸ್ಸಿನವರಿಗೆ ಒಂದು ಭೇಟಿ ಹಾಕುತ್ತೀರಾ?' ಎಂದು ಕೇಳಿ. ಇಬ್ಬರು ಮೂವರು ಬೇರೆ ಬೇರೆಯಾಗಿ ಕೇಳಿದರೆ ಮರುದಿನದ ಪಟ್ಟಿಗೆ ಸೇರಿಸುವುದುಂಟು. ಜನ ಬಂದರೆ ಅವರಿಗೂ ಸಂತೋಷವೇ.

ಹೆಜ್ಜೆ 4: ಯಾವ ಆಟಕ್ಕೆ ಹೋದರೆ ಮಾತು ಬೆಳೆಯುತ್ತದೆ?

ಹಡಗಿನಲ್ಲಿ ದಿನಕ್ಕೆ ಹತ್ತಾರು ಕಾರ್ಯಕ್ರಮ. ಎಲ್ಲದರಲ್ಲೂ ಜನ ಇರುತ್ತಾರೆ, ಆದರೆ ಎಲ್ಲದರಲ್ಲೂ ಪರಿಚಯ ಆಗುವುದಿಲ್ಲ. ಥಿಯೇಟರ್ ಶೋ ಚೆನ್ನಾಗಿರುತ್ತದೆ, ಕತ್ತಲಲ್ಲಿ ಮುಂದೆ ನೋಡುತ್ತ ಕೂತವರಿಗೆ ಪಕ್ಕದವರು ಯಾರೆಂದೂ ತಿಳಿಯುವುದಿಲ್ಲ. ವಾಟರ್ ಸ್ಲೈಡ್ ಹಾಗೆಯೇ. ಕ್ಯಾಸಿನೊಗೆ ಹಲವು ಕಡೆ 18ಕ್ಕೇ ಪ್ರವೇಶ ಇದೆ, ಅಲ್ಲಿ ಹಣ ಹೋಗುತ್ತದೆಯೇ ಹೊರತು ಗೆಳೆಯರು ಸಿಗುವುದು ಅಪರೂಪ.

ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಟ್ರಿವಿಯಾಕ್ಕೆ. ತಂಡಕ್ಕೆ ಸಾಮಾನ್ಯವಾಗಿ ಆರು ಜನರವರೆಗೆ ಅವಕಾಶ, ಪ್ರತಿ ತಂಡಕ್ಕೂ ಒಬ್ಬಿಬ್ಬರು ಕಡಿಮೆ. ಐದು ನಿಮಿಷ ಮೊದಲು ಹೋಗಿ 'ನಿಮ್ಮ ತಂಡದಲ್ಲಿ ಜಾಗ ಇದೆಯಾ?' ಎಂದರೆ ಬೇಡ ಅನ್ನುವವರು ಸಿಗುವುದಿಲ್ಲ. ಅದರಲ್ಲೂ ಕೆಲವು ಹಡಗುಗಳಲ್ಲಿ ಸೀ ಡೇಗಳಂದು ನಡೆಯುವ ಪ್ರೋಗ್ರೆಸಿವ್ ಟ್ರಿವಿಯಾ ಇದ್ದರೆ ಬಿಡಬೇಡಿ. ಒಂದೇ ತಂಡ ಯಾನದುದ್ದಕ್ಕೂ ಅಂಕ ಕೂಡಿಸುತ್ತ ಹೋಗುವ ಸ್ಪರ್ಧೆ ಅದು. ಮೊದಲ ದಿನ ಸೇರಿದ ಆರು ಜನ ಕೊನೆಯವರೆಗೂ ಅದೇ ಹೊತ್ತಿಗೆ ಅದೇ ಮೇಜಿನಲ್ಲಿ ಸೇರಲೇಬೇಕು. ನಿಮ್ಮ ವಯಸ್ಸಿನವರು ಸಾಲದಿದ್ದರೆ ಹಿರಿಯರ ತಂಡಕ್ಕೂ ಸೇರಿ. ಅವರಿಗೆ ಹೊಸ ಹಾಡುಗಳು ಗೊತ್ತಿಲ್ಲ, ನಿಮಗೆ ಹಳೆಯವು ಗೊತ್ತಿಲ್ಲ, ಅಂಕ ಚೆನ್ನಾಗಿಯೇ ಬರುತ್ತದೆ. 'ನನ್ನ ಮೊಮ್ಮಗನೂ ನಿನ್ನ ವಯಸ್ಸಿನವನೇ, ಕ್ಯಾಬಿನ್‌ನಲ್ಲಿ ಮಲಗಿದ್ದಾನೆ' ಎಂದು ಹೇಳಿ ಮರುದಿನ ಎಳೆದು ತರುವ ಅಜ್ಜಿಯರು ಇಂಥ ತಂಡಗಳಲ್ಲಿ ಇರುತ್ತಾರೆ.

ಎರಡನೆಯದು ಸ್ಪೋರ್ಟ್ಸ್ ಕೋರ್ಟ್. ಮೂವರ ಬಾಸ್ಕೆಟ್‌ಬಾಲ್, ಡಾಜ್‌ಬಾಲ್, ವಾಲಿಬಾಲ್, ಪಿಕಲ್‌ಬಾಲ್. ಪಟ್ಟಿಯಲ್ಲಿ ವಯಸ್ಸಿನ ಮಿತಿ ನೋಡಿ ಹೋಗಿ, '18 ಮೇಲ್ಪಟ್ಟವರಿಗೆ' ಎಂದಿರುವ ಹೊತ್ತನ್ನು ಹಿಡಿಯಿರಿ. ಆಟ ಬಾರದಿದ್ದರೂ ಡಾಜ್‌ಬಾಲ್‌ಗೆ ಹೋಗಬಹುದು, ಅಲ್ಲಿ ಮೊದಲು ಔಟಾದವರೆಲ್ಲ ಬದಿಯಲ್ಲಿ ಕೂತು ಹರಟುತ್ತಾರೆ.

ಸಾಲಿನಲ್ಲಿ ನಿಲ್ಲುವ ಆಟಗಳ ಬಗ್ಗೆ ವಿಶೇಷವಾಗಿ ಹೇಳಬೇಕು. ರಾಯಲ್ ಕೆರಿಬಿಯನ್‌ನ 'ಫ್ರೀಡಮ್ ಆಫ್ ದಿ ಸೀಸ್' 2006ರಲ್ಲಿ ಫ್ಲೋರೈಡರ್ ಎಂಬ ಕೃತಕ ಅಲೆಯ ಯಂತ್ರವನ್ನು ಮೊದಲ ಬಾರಿಗೆ ಹಡಗಿಗೆ ತಂದಿತು. ಈಗ ಆ ಕಂಪನಿಯ ಹಲವು ಹಡಗುಗಳಲ್ಲಿ ಇದೆ. ಒಬ್ಬರು ಹಲಗೆಯ ಮೇಲೆ ನಿಲ್ಲಲು ಹೆಣಗುತ್ತಾರೆ, ಉಳಿದವರು ಸಾಲಿನಲ್ಲಿ ನಿಂತು ನೋಡುತ್ತಾರೆ. ಹಲಗೆ ಒಂದು ಕಡೆ, ಆಳು ಒಂದು ಕಡೆ, ನೀರು ಹೊಡೆದು ಹಿಂದಿನ ಗೋಡೆಯವರೆಗೆ ತಳ್ಳಿಕೊಂಡು ಹೋದಾಗ ಸಾಲಿಗೆ ಸಾಲೇ 'ಓ' ಎನ್ನುತ್ತದೆ. ಎದ್ದವರು ಒದ್ದೆಯಾಗಿ ಮತ್ತೆ ಸಾಲಿನ ಕೊನೆಗೆ ಬಂದು ನಿಲ್ಲುತ್ತಾರೆ. ಮುಂದಿದ್ದವರು, ಹಿಂದಿದ್ದವರು ಪಾದ ಎಲ್ಲಿಡಬೇಕೆಂದು ಹೇಳಿಕೊಡಲು ಶುರುಮಾಡಿರುತ್ತಾರೆ. ಪರಿಚಯ ಮಾಡಿಕೊಳ್ಳುವ ಕಷ್ಟವೇ ಇಲ್ಲ. ಅಲ್ಲಿಗೆ ಹೋಗುವವರು ದಿನವೂ ಹೋಗುತ್ತಾರೆ, ಹಾಗಾಗಿ ದಿನವೂ ಒಂದೇ ಹೊತ್ತಿಗೆ ಹೋಗಿ. 1999ರ 'ವಾಯೇಜರ್ ಆಫ್ ದಿ ಸೀಸ್'ನಿಂದ ಶುರುವಾದ ಬಂಡೆ ಹತ್ತುವ ಗೋಡೆಯ ಬುಡದಲ್ಲೂ ಇದೇ ಲಾಭ.

ರಾತ್ರಿಗೆ ಸೈಲೆಂಟ್ ಡಿಸ್ಕೊ ಬಹಳ ಒಳ್ಳೆಯದು. ಹೆಡ್‌ಫೋನ್‌ನಲ್ಲಿ ಎರಡು ಮೂರು ಚಾನೆಲ್, ಚಾನೆಲ್‌ಗೆ ತಕ್ಕಂತೆ ಬಣ್ಣದ ದೀಪ. ಕೆಂಪು ದೀಪದವರೆಲ್ಲ ಒಂದೇ ಹಾಡಿಗೆ ಕುಣಿಯುತ್ತಿದ್ದಾರೆಂದು ಕಣ್ಣಿಗೇ ಕಾಣುತ್ತದೆ, ನೀವೂ ಕೆಂಪಿಗೆ ತಿರುಗಿಸಿ ಹತ್ತಿರ ಹೋಗಬಹುದು. ಹೆಡ್‌ಫೋನ್ ಕೆಳಗಿಳಿಸಿದರೆ ಕೋಣೆ ನಿಶ್ಶಬ್ದ, ಕಿರುಚದೆ ಮಾತಾಡಬಹುದು. ಮಾಮೂಲಿ ನೈಟ್‌ಕ್ಲಬ್‌ನಲ್ಲಿ ಈ ಅನುಕೂಲವಿಲ್ಲ. ಕರೋಕೆಯಲ್ಲಿ ಹಾಡಲೇಬೇಕೆಂದಿಲ್ಲ, ಹಾಡಿ ಇಳಿದವರಿಗೆ 'ಚೆನ್ನಾಗಿತ್ತು' ಎಂದು ಹೇಳಿದರೂ ಮಾತು ತೆರೆಯುತ್ತದೆ. ರಾಯಲ್ ಕೆರಿಬಿಯನ್‌ನ 'ದಿ ಕ್ವೆಸ್ಟ್' 18 ಮೇಲ್ಪಟ್ಟವರ ತಂಡದ ಆಟ, ಗದ್ದಲವೂ ತುಂಟತನವೂ ಹೆಚ್ಚು. ಅಪ್ಪ ಅಮ್ಮನ ಪಕ್ಕ ಕೂತು ನೋಡುವಂಥದ್ದಲ್ಲ, ಗೆಳೆಯರ ಜೊತೆಗೇ ಹೋಗಿ. ಕಾರ್ನಿವಲ್‌ನ ತಡರಾತ್ರಿಯ ಕಾಮಿಡಿ ಶೋಗಳಿಗೂ 18 ತುಂಬಿರಬೇಕು, 21 ಬೇಕಿಲ್ಲ.

ಹೆಜ್ಜೆ 5: ಹೊತ್ತು ಮತ್ತು ಜಾಗ ನಿಗದಿ ಮಾಡಿ

ಮೂರನೆಯ ದಿನದಿಂದ ಗುಂಪು ಉಳಿಯುವುದು ಶಿಸ್ತಿನಿಂದ. 'ಆಮೇಲೆ ಸಿಗೋಣ' ಎಂಬ ಮಾತು ಹಡಗಿನಲ್ಲಿ ನಡೆಯುವುದಿಲ್ಲ. 'ರಾತ್ರಿ ಒಂಬತ್ತೂವರೆ, ಪಿಂಗ್‌ಪಾಂಗ್ ಮೇಜು, ದಿನಾಲೂ' ಎಂದು ಒಂದು ಗೊತ್ತು ಇರಲಿ. ಬಂದವರು ಬಂದರು, ಬಾರದವರಿಗೆ ನಾಳೆ ಇದೆ. ಚಾಟ್ ಕೈಕೊಟ್ಟರೂ ಇದು ಕೈಕೊಡುವುದಿಲ್ಲ. ಸಮಯ ಹೇಳುವಾಗ ಹಡಗಿನ ಗಡಿಯಾರವನ್ನೇ ಹಿಡಿಯಿರಿ. ಬಂದರಿನ ಸಮಯಕ್ಕೂ ಹಡಗಿನ ಸಮಯಕ್ಕೂ ಒಂದು ಗಂಟೆ ವ್ಯತ್ಯಾಸ ಇರಬಹುದು, ಫೋನ್ ತಾನಾಗಿ ಬಂದರಿನದಕ್ಕೆ ಬದಲಾಗಿರುತ್ತದೆ.

ಬಂದರಿನ ದಿನಗಳನ್ನು ಮನೆಯವರಿಗೆ ಕೊಡಿ, ಸೀ ಡೇಗಳ ಮಧ್ಯಾಹ್ನವನ್ನು ಮತ್ತು ರಾತ್ರಿಗಳನ್ನು ನಿಮಗಿಟ್ಟುಕೊಳ್ಳಿ. ಹೀಗೆ ಹಂಚಿಕೊಂಡರೆ ಯಾರಿಗೂ ಬೇಸರವಾಗುವುದಿಲ್ಲ. ಬಂದರಿನಲ್ಲಿ ಗೆಳೆಯರ ಜೊತೆ ಇಳಿಯುವುದಾದರೆ ಮನೆಯವರಿಗೆ ಎಲ್ಲಿಗೆ, ಯಾರ ಜೊತೆ ಎಂದು ತಿಳಿಸಿ, ಹಡಗು ಹೊರಡುವುದಕ್ಕೆ ಎರಡು ಗಂಟೆ ಮೊದಲೇ ಮರಳಿ. ಸ್ವಂತವಾಗಿ ಹೋದವರಿಗಾಗಿ ಹಡಗು ಕಾಯುವುದಿಲ್ಲ.

ಸಂಕೋಚದವರಿಗೆ ಒಂದು ಮಾತು. ದೊಡ್ಡ ಗುಂಪು ಬೇಕಿಲ್ಲ. ಒಬ್ಬರು ಸಿಕ್ಕರೂ ಯಾನ ಬದಲಾಗುತ್ತದೆ. ಬೋರ್ಡ್ ಗೇಮ್‌ಗಳಿರುವ ಕೋಣೆಗೆ ಮಧ್ಯಾಹ್ನ ಒಂದು ಇಸ್ಪೀಟು ಕಟ್ಟು ಹಿಡಿದು ಹೋಗಿ ಕೂತರೆ, ಕೇಳುವವರು ಬಂದೇ ಬರುತ್ತಾರೆ.

ಪೋಷಕರು ಇದನ್ನು ಓದುತ್ತಿದ್ದರೆ, ದಯವಿಟ್ಟು ಮಗನನ್ನೋ ಮಗಳನ್ನೋ ಕೈಹಿಡಿದು ಮೀಟಪ್‌ಗೆ ಕರೆದುಕೊಂಡು ಹೋಗಬೇಡಿ. ಬದಲಿಗೆ ಊಟದ ಮೇಜಿನಲ್ಲಿ, ಪೂಲ್ ಬದಿಯಲ್ಲಿ ಅದೇ ವಯಸ್ಸಿನ ಮಕ್ಕಳಿರುವ ಇನ್ನೊಂದು ಕುಟುಂಬವನ್ನು ಮಾತಾಡಿಸಿ. ಎರಡು ಕುಟುಂಬ ಒಂದೇ ಮೇಜಿಗೆ ಬಂದರೆ ಉಳಿದದ್ದು ಅವರವರೇ ನೋಡಿಕೊಳ್ಳುತ್ತಾರೆ.

ಹೆಜ್ಜೆ 6: ಇವುಗಳಲ್ಲಿ ರಾಜಿ ಬೇಡ

ಆ ಹಡಗಿನ ನಿಯಮದ ವಯಸ್ಸು ಆಗದವರಿಗೆ ಮದ್ಯ ತರಿಸಿಕೊಡುವುದು, ಬೇರೆಯವರ ಕಾರ್ಡ್ ಬಳಸುವುದು ಹಡಗಿನಲ್ಲಿ ಸಣ್ಣ ತಪ್ಪಲ್ಲ. ಕಾರ್ಡ್‌ನಲ್ಲಿ ನಿಮ್ಮ ವಯಸ್ಸು ದಾಖಲಾಗಿರುತ್ತದೆ, ಎಲ್ಲೆಡೆ ಕ್ಯಾಮೆರಾ ಇರುತ್ತದೆ. ಗಂಭೀರವಾದರೆ ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳುಹಿಸುವ ಅಧಿಕಾರ ಕಂಪನಿಗಿದೆ, ಖರ್ಚು ನಿಮ್ಮದು. ಬಹಳ ಸಲ ಇದರ ಬಿಸಿ ತಟ್ಟುವುದು ತರಿಸಿಕೊಟ್ಟ ಇಪ್ಪತ್ತೆರಡರ ಅಣ್ಣನಿಗೆ.

ಸಿಬ್ಬಂದಿಯ ಜೊತೆ ಸ್ನೇಹದಿಂದ ಮಾತಾಡಿ, ಆದರೆ ಅವರ ವಸತಿ ಭಾಗಕ್ಕೆ ಹೋಗುವಂತಿಲ್ಲ, ಅವರನ್ನು ನಿಮ್ಮ ಕ್ಯಾಬಿನ್‌ಗೆ ಕರೆಯುವಂತಿಲ್ಲ. ಸಿಕ್ಕಿಬಿದ್ದರೆ ಅವರ ಕೆಲಸ ಹೋಗುತ್ತದೆ. ಹೊಸಬರಿಗೆ ಕ್ಯಾಬಿನ್ ಸಂಖ್ಯೆ ಹೇಳಬೇಡಿ, ಭೇಟಿ ಸಾರ್ವಜನಿಕ ಜಾಗದಲ್ಲೇ ಇರಲಿ. ಲೋಟವನ್ನು ಮೇಜಿನ ಮೇಲೆ ಬಿಟ್ಟು ಕುಣಿಯಲು ಹೋದರೆ ಮರಳಿ ಬಂದು ಅದನ್ನು ಕುಡಿಯಬೇಡಿ, ಹೊಸದು ತೆಗೆದುಕೊಳ್ಳಿ. ಬಾಲ್ಕನಿಯ ಕಟಾಂಜನದ ಮೇಲೆ ಫೋಟೋಗಾಗಿ ಕೂರುವುದು ಯಾರು ಹೇಳಿದರೂ ಬೇಡ.

ಏನಾದರೂ ಅಹಿತ ನಡೆದರೆ ಕೂಡಲೇ ಕ್ಯಾಬಿನ್ ಫೋನಿನಿಂದ ಭದ್ರತಾ ವಿಭಾಗಕ್ಕೆ ಕರೆ ಮಾಡಿ. ಅಮೆರಿಕದಲ್ಲಿ 2010ರಲ್ಲಿ ಬಂದ ಕ್ರೂಸ್ ಸುರಕ್ಷತಾ ಕಾಯ್ದೆ ಅಲ್ಲಿನ ಬಂದರುಗಳಲ್ಲಿ ಪ್ರಯಾಣಿಕರನ್ನು ಹತ್ತಿಸುವ ಅಥವಾ ಇಳಿಸುವ ದೊಡ್ಡ ಹಡಗುಗಳಿಗೆ ಅನ್ವಯಿಸುತ್ತದೆ. ಕ್ಯಾಬಿನ್ ಬಾಗಿಲಿಗೆ ಇಣುಕು ಕಿಂಡಿ, 42 ಅಂಗುಲ ಎತ್ತರದ ಕಟಾಂಜನ ಕಡ್ಡಾಯವಾದದ್ದು ಅದರಿಂದಲೇ. ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿಯಿಂದ ಪರೀಕ್ಷೆ, ಹೊರಗಿನವರನ್ನು ಗೋಪ್ಯವಾಗಿ ಸಂಪರ್ಕಿಸಲು ಫೋನ್ ಸೌಲಭ್ಯ ಒದಗಿಸಬೇಕೆಂದೂ ಅದು ಹೇಳುತ್ತದೆ. ಇದು ನಿಮ್ಮ ಹಕ್ಕು, ಕೇಳಲು ಹಿಂಜರಿಯಬೇಡಿ.

ಹೆಜ್ಜೆ 7: ಇಳಿಯುವ ಹಿಂದಿನ ದಿನ

ಕೊನೆಯ ರಾತ್ರಿ ದೊಡ್ಡ ಲಗೇಜನ್ನು ಕ್ಯಾಬಿನ್ ಹೊರಗಿಡಬೇಕು. ಎಲ್ಲರ ಮನೆಯವರೂ ಪ್ಯಾಕಿಂಗ್ ಗಡಿಬಿಡಿಯಲ್ಲಿ ಕರೆಯುತ್ತಿರುತ್ತಾರೆ, ಗುಂಪು ಪೂರ್ತಿ ಸೇರುವುದು ಅನುಮಾನ. ಅದಕ್ಕೇ ಆ ದಿನ ಮಧ್ಯಾಹ್ನವೇ ಬಟ್ಟೆ ಮಡಚಿ ಮುಗಿಸಿ, ಫೋನ್ ನಂಬರು, ಇನ್‌ಸ್ಟಾಗ್ರಾಂ ಹೆಸರು ಬದಲಾಯಿಸಿಕೊಂಡುಬಿಡಿ. ಹಡಗಿನ ಆ್ಯಪ್ ಚಾಟ್ ಹಡಗಿನ ವೈಫೈ ದಾಟಿದರೆ ಕೆಲಸ ಮಾಡುವುದಿಲ್ಲ. ಅದರಲ್ಲೇ ಮಾತಾಡಿಕೊಂಡು ಬಂದವರು ಬಂದರಿನಲ್ಲಿ ಇಳಿದ ಮೇಲೆ ಒಬ್ಬರನ್ನೊಬ್ಬರು ಹುಡುಕಲು ದಾರಿ ಇರುವುದಿಲ್ಲ. ಎಷ್ಟೋ ಸಲ ಪೂರ್ತಿ ಹೆಸರೂ ಗೊತ್ತಿರುವುದಿಲ್ಲ. ಗುಂಪಿನಲ್ಲಿ ಒಬ್ಬರು ಎಲ್ಲರ ಫೋಟೋಗಳನ್ನೂ ಕೂಡಿಸಿ ಹಂಚುವ ಹೊಣೆ ಹೊರಲಿ. ಮರುದಿನ ಬೆಳಗ್ಗೆ ಪ್ರತಿ ಕುಟುಂಬಕ್ಕೂ ಇಳಿಯುವ ಸರದಿ ಬೇರೆ, ಲಗೇಜಿನ ಚೀಟಿಯ ಸಂಖ್ಯೆ ಕೂಗಿದಂತೆ ಒಬ್ಬೊಬ್ಬರೇ ಹೋಗುತ್ತಾರೆ. ಯಾರ ಸಂಖ್ಯೆ ತಡವೋ ಅವರೆಲ್ಲ ಏಳು ಗಂಟೆಗೆ ಬಫೆಯಲ್ಲಿ ಸೇರೋಣ ಎಂದು ರಾತ್ರಿಯೇ ಚಾಟ್‌ನಲ್ಲಿ ಬರೆದಿಡಿ.